ಬೇಕಲ ಕೋಟೆ: ಯಾರಿಂದ ಕಾಪಾಡಲಿಕ್ಕೆ?

ಸಾಗರದವರಿಗೆ ಕೆಳದಿ ಅಂದರೆ ಮನೆಯ ಹಿತ್ತಲು ಇದ್ದ ಹಾಗೆ. ಶಾಲೆಯಿಂದ ಕರೆದುಕೊಂಡು ಹೋಗುವ ಮೊದಲ ಪ್ರವಾಸವೇ ಅಲ್ಲಿಗೆ. ಶಿವಪ್ಪ ನಾಯಕನ ಶಿಸ್ತು, ಇಕ್ಕೇರಿಯ ಅಘೋರೇಶ್ವರ, ಪೋರ್ಚುಗೀಸರನ್ನು ಕರಾವಳಿಯಿಂದ ಓಡಿಸಿದ ಕತೆ, ಇವೆಲ್ಲ ಬಾಯಿಪಾಠ. ಪತ್ರಿಕೆಗೆ ಸುದ್ದಿ ಕಳಿಸಲು ಶುರು ಮಾಡಿದ ಮೇಲೆ ಪ್ರತಿ ವರ್ಷ ಒಂದಾದರೂ ಕೆಳದಿ ವರದಿಯಲ್ಲಿ ‘ಬೇಕಲದವರೆಗೆ ರಾಜ್ಯ ವಿಸ್ತರಿಸಿದ’ ಎಂಬ ವಾಕ್ಯ ಬರೆದಿದ್ದೇವೆ. ಬೇಕಲವನ್ನು ಮಾತ್ರ ನೋಡಿರಲಿಲ್ಲ.

ಹೋದ ಬೇಸಿಗೆಯಲ್ಲಿ ಡಿಪ್ಲೊಮಾದ ಹಳೆಯ ಸಹಪಾಠಿಗಳು ನಾಲ್ವರು ಮಂಗಳೂರಿನಲ್ಲಿ ಸೇರಿ, ಒಂದು ದಿನದ ಪ್ರವಾಸದ ವ್ಯಾನು ಹತ್ತಿದೆವು. ಕಾಸರಗೋಡು ದಾಟುತ್ತಿದ್ದಂತೆ ಚಂದ್ರಗಿರಿ ಹೊಳೆ, ಅದರ ದಂಡೆಯಲ್ಲಿ ಕೆಳದಿಯವರದೇ ಎನ್ನುವ ಇನ್ನೊಂದು ಕೋಟೆ. ಅಲ್ಲಿಂದ ಮುಂದೆ ಕಡಲ ಬದಿಯ ರಸ್ತೆಯಲ್ಲೇ ಬೇಕಲ.

ನಮ್ಮ ಗೈಡ್ ಐವತ್ತು ದಾಟಿದವರು. ಮಲಯಾಳ, ಇಂಗ್ಲಿಷ್, ಹಿಂದಿ ಮೂರನ್ನೂ ಬೆರೆಸಿ ಮಾತಾಡುತ್ತಿದ್ದರು. ನಾವು ಕನ್ನಡದವರೆಂದು ತಿಳಿದ ಮೇಲೆ ‘ಹಾಗೋ, ಮೊದಲೇ ಹೇಳ್ಬಾರ್ದಾ?’ ಎಂದು ಕಾಸರಗೋಡಿನ ಕನ್ನಡವನ್ನೂ ಸೇರಿಸಿದರು.

ಬಾಗಿಲಿಗೆ ಹೋಗುವ ದಾರಿ ನೇರವಾಗಿಲ್ಲ, ತಿರುಗಿ ತಿರುಗಿ ಹೋಗಬೇಕು. ನುಗ್ಗಿ ಬರುವ ಶತ್ರುವಿನ ವೇಗ ಅಲ್ಲೇ ಮುರಿಯಲಿ ಎಂದು ಹಾಗೆ ಕಟ್ಟಿದ್ದು. ನೆಲದ ಕಡೆಗೆ ಕಂದಕ, ಉಳಿದ ಕಡೆಗೆ ಅರಬ್ಬಿ ಸಮುದ್ರ. ಸುಮಾರು 40 ಎಕರೆಯ ಈ ಕೋಟೆ ಇವತ್ತಿನ ಕೇರಳದಲ್ಲೇ ಅತಿ ದೊಡ್ಡದು. ಗೋಡೆಗಳು ಸುಮಾರು 40 ಅಡಿ ಎತ್ತರ. ಆ ಕಲ್ಲನ್ನು ನಾವು ಜಂಬಿಟ್ಟಿಗೆ ಅಂದೆವು, ಪುತ್ತೂರಿನ ಗೆಳೆಯ ಮುರಕಲ್ಲು ಅಂದ, ಗೈಡ್ ಚೆಂಗಲ್ಲು ಅಂದರು. ಕಲ್ಲು ಒಂದೇ.

ಒಳಗೆ ಹೋದ ಮೇಲೆ ಮೊದಲು ಗಮನಕ್ಕೆ ಬರುವುದು ಅಲ್ಲಿ ಏನಿಲ್ಲ ಎಂಬುದು. ಅರಮನೆ ಇಲ್ಲ, ದರ್ಬಾರು ಇಲ್ಲ, ರಾಣಿಯರ ಸ್ನಾನದ ಕೊಳ ಇಲ್ಲ. ಕಾಣುವುದು ಮದ್ದಿನ ಮನೆ, ಮೆಟ್ಟಿಲಿರುವ ನೀರಿನ ಕೆರೆ, ದಕ್ಷಿಣಕ್ಕೆ ಇಳಿಯುವ ಸುರಂಗ, ನಡುವೆ ಗುಂಡಗಿನ ವೀಕ್ಷಣಾ ಬುರುಜು. ಬುರುಜಿಗೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ ಇದೆ. ಮೇಲೆ ನಿಂತರೆ ಕಾಞಂಗಾಡಿನಿಂದ ಉದುಮದವರೆಗೆ ಕರೆ ಉದ್ದಕ್ಕೂ ಕಾಣುತ್ತದೆ. ಇದು ರಾಜರು ವಾಸಿಸಲು ಕಟ್ಟಿದ್ದಲ್ಲ, ಕಾವಲಿಗೆ ಕಟ್ಟಿದ್ದು.

ಗೋಡೆಯ ರಂಧ್ರಗಳನ್ನು ಗೈಡ್ ಚೆನ್ನಾಗಿ ವಿವರಿಸಿದರು. ಮೇಲಿನ ಸಾಲು ದೂರದ ಗುರಿಗೆ, ಅದರ ಕೆಳಗಿನದು ಹತ್ತಿರ ಬಂದವರಿಗೆ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದು ನಿಂತವರಿಗೆ. ನಮ್ಮಲ್ಲೊಬ್ಬ ಕೆಳಗಿನ ರಂಧ್ರದಲ್ಲಿ ಕಣ್ಣಿಟ್ಟು ನೋಡಿದ. ಆಚೆ ಐಸ್‌ಕ್ರೀಂ ತಿನ್ನುತ್ತಿದ್ದ ಮಗು ಕಂಡಿತು.

ಪ್ರವಾಸದ ಕತೆಯಲ್ಲಿ ಎಲ್ಲದಕ್ಕೂ ಸಮಾನ ಸಮಯ ಇರುವುದಿಲ್ಲ. 1995ರ ‘ಬಾಂಬೆ’ ಚಿತ್ರದ ಹಾಡು ತೆಗೆದ ಜಾಗಕ್ಕೆ ಹದಿನೈದು ನಿಮಿಷ, ಟಿಪ್ಪುವಿಗೆ ಹತ್ತು. ಶಿವಪ್ಪ ನಾಯಕನಿಗೆ ಸಿಕ್ಕಿದ್ದು ಒಂದೇ ವಾಕ್ಯ. ನಮಗೆ ಸಹಜವಾಗಿ ಚುಚ್ಚಿತು. ಬುರುಜಿನ ಮೇಲೆ ಗೆಳೆಯ ಕೇಳಿಯೇಬಿಟ್ಟ, ‘ಏನಣ್ಣ, ಕಟ್ಟಿಸಿದವನ ಹೆಸರನ್ನೇ ಇಷ್ಟು ಬೇಗ ಮುಗಿಸಿಬಿಟ್ರಿ?’

ಅವರು ನಕ್ಕರು. ‘ನಿಮ್ಮ ಶಿವಪ್ಪ ನಾಯಕ ಇಲ್ಲಿ ಕೋಟೆ ಕಟ್ಟಿದ್ದು ಯಾರಿಂದ ಕಾಪಾಡ್ಲಿಕ್ಕೆ ಸಾರ್? ನಮ್ಮವರಿಂದಲೇ ಅಲ್ವಾ?’

ನಾಲ್ವರೂ ಸುಮ್ಮನಾದೆವು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಸರಿಯಾಗಿತ್ತು.

1565ರಲ್ಲಿ ವಿಜಯನಗರ ಸೋತ ಮೇಲೆ ಅದರ ಅಧೀನದಲ್ಲಿದ್ದ ಕೆಳದಿ ನಾಯಕರು ಕ್ರಮೇಣ ಸ್ವತಂತ್ರರಾದರು. ಘಟ್ಟದ ಮೇಲಿನ ಮೆಣಸು, ಕೆಳಗಿನ ಅಕ್ಕಿ ಎರಡೂ ಬಂದರುಗಳ ಮೂಲಕವೇ ಹೊರಗೆ ಹೋಗಬೇಕು. ಬಂದರು ಕೈಯಲ್ಲಿರಬೇಕಾದರೆ ಕರಾವಳಿಯಲ್ಲಿ ಕೋಟೆಗಳು ಬೇಕು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳಲ್ಲಿ ಪೋರ್ಚುಗೀಸರ ಹಿಡಿತ ತಪ್ಪಿಸಿದ್ದು ಹೀಗೆ. ಆದರೆ ಚಂದ್ರಗಿರಿಯ ದಕ್ಷಿಣಕ್ಕೆ ಎದುರಾಳಿ ಪರದೇಶಿಯಲ್ಲ. ಅದು ಕೋಲತ್ತಿರಿ ಅರಸರ ನಾಡು. ಬೇಕಲದಲ್ಲಿ ಅವರದೇ ಹಳೆಯ ಕೋಟೆ ಇತ್ತು, ಕೆಳದಿಯವರು ಅದನ್ನು ಹೊಸದಾಗಿ ಕಟ್ಟಿದರು ಎನ್ನುವವರೂ ಇದ್ದಾರೆ. ಇನ್ನಷ್ಟು ದಕ್ಷಿಣದ ಹೊಸದುರ್ಗವೂ ಕೆಳದಿಯದೇ. 1730ರ ದಶಕದಲ್ಲಿ ಕೆಳದಿ ಸೈನ್ಯ ಕೋಲತ್ತಿರಿಯ ನಾಡಿನೊಳಕ್ಕೆ ನುಗ್ಗಿತು. ಸಾಗರದಲ್ಲಿ ನಾವು ಓದಿದ ‘ದಿಗ್ವಿಜಯ’ ಇಲ್ಲಿಯವರಿಗೆ ‘ದಾಳಿ’. ಪೋರ್ಚುಗೀಸರನ್ನು ಓಡಿಸಿದ ಕತೆ ಹೇಳುವಾಗ ಈ ಇನ್ನೊಂದು ಪುಟವನ್ನು ನಾವು ಮಡಚಿ ಇಟ್ಟಿದ್ದೆವು.

ಮುಂದೆ ಕೆಳದಿಗೂ ಅದೇ ಗತಿ ಬಂತು. 1763ರಲ್ಲಿ ಹೈದರ್ ಅಲಿ ಬಿದನೂರು ಹಿಡಿದ, ಕರಾವಳಿಯ ಕೋಟೆಗಳೂ ಕೈಬದಲಾದವು. ಟಿಪ್ಪುವಿನ ಮಲಬಾರ್ ಕಾರ್ಯಾಚರಣೆಗೆ ಬೇಕಲ ಮುಖ್ಯ ನೆಲೆಯಾಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅವನು ಮಲಬಾರನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ, ಕೆನರಾ ಅವನಲ್ಲೇ ಉಳಿಯಿತು. 1799ರಲ್ಲಿ ಅವನು ಮಡಿದ ಮೇಲೆ ಕೋಟೆ ಕಂಪನಿಯ ಪಾಲಾಯಿತು. ಕಾಯುವ ಗಡಿ ಇಲ್ಲದೆ ಹೋದಾಗ ಕೋಟೆಗೂ ಕೆಲಸ ಇಲ್ಲ. ಬೇಕಲ ಕೆಲಕಾಲ ಕೆನರಾದ ಒಂದು ತಾಲೂಕಿನ ಹೆಸರಾಗಿ ಉಳಿಯಿತು, ಮುಂದೆ ಅದೂ ಹೋಗಿ ಕಾಸರಗೋಡು ತಾಲೂಕಾಯಿತು.

ಆದರೆ ಗಡಿಯ ಪ್ರಶ್ನೆ ಮುಗಿಯಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಬರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. ಜಾರಿಯಾಗಿದ್ದರೂ ಹೊಳೆಯ ದಕ್ಷಿಣಕ್ಕಿರುವ ಬೇಕಲ ಆಚೆಯೇ ಉಳಿಯುತ್ತಿತ್ತು. ಕೆಳದಿಯ ಕೋಟೆ ಎಲ್ಲಿಯವರೆಗಿದೆ ಎಂಬುದು ಬೇರೆ, ಕನ್ನಡದ ಜನ ಎಲ್ಲಿಯವರೆಗಿದ್ದಾರೆ ಎಂಬುದು ಬೇರೆ.

ಹೀಗೆ ಯೋಚಿಸುತ್ತ ಹೊರಗೆ ಬಂದು, ಬಾಗಿಲ ಬಳಿಯ ಮುಖ್ಯಪ್ರಾಣನ ಗುಡಿಯ ನೆರಳಿನಲ್ಲಿ ಕೂತೆವು. ಅಲ್ಲಿದ್ದ ವಯಸ್ಸಾದ ಅಮ್ಮ ನಮ್ಮ ಮಾತು ಕೇಳಿ, ‘ಎಲ್ಲಿಂದ ಮಕ್ಳೇ?’ ಅಂದರು. ಸಾಗರ ಅಂದೆವು. ‘ಹೌದಾ! ನಾವು ಕೋಟೆಯವರು’ ಅಂದರು.

ಕೋಟೆಯವರು, ಕೋಟೆಗಾರರು ಎಂದು ಈ ಭಾಗದಲ್ಲಿ ಕರೆಯುವುದು ರಾಮಕ್ಷತ್ರಿಯ ಸಮುದಾಯವನ್ನು. ಕೋಟೆ ಕಾಯಲು ಕೆಳದಿ ಅರಸರು ಉತ್ತರದಿಂದ ಕರೆತಂದು ನೆಲೆ ನಿಲ್ಲಿಸಿದ ಜನ. ಅಮ್ಮನ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ. ಮೊಮ್ಮಕ್ಕಳು ಶಾಲೆಯಲ್ಲಿ ಕಲಿಯುವುದು ಇಂಗ್ಲಿಷ್. ‘ಅರಸರು ಕರ್ಕೊಂಡು ಬಂದ್ರಂತೆ. ವಾಪಸ್ ಕರ್ಕೊಂಡು ಹೋಗ್ಲಿಕ್ಕೆ ಯಾರೂ ಬರ್ಲಿಲ್ಲ’ ಎಂದು ನಕ್ಕರು. ದೂರು ಹೇಳಿದ ಹಾಗೆ ಇರಲಿಲ್ಲ. ‘ಇದೇ ನಮ್ಮ ಊರಲ್ವಾ?’ ಎಂದೂ ಸೇರಿಸಿದರು.

ಕೆಳದಿ ಅರಸರ ಚರಿತ್ರೆಗೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯಂ’ ಇದೆ. ರಂಧ್ರದ ಹಿಂದೆ ಬಂದೂಕು ಹಿಡಿದು ಕೂತವನ ಬಗ್ಗೆ ಅಂಥ ಕಾವ್ಯ ಇಲ್ಲ. ಅರಸು ಹೋದ, ಸಂಬಳ ನಿಂತಿತು, ಧಣಿ ಬದಲಾದ. ಅವನು ಮಾತ್ರ ಯಾರಿಗೆ ಗುರಿಯಿಟ್ಟಿದ್ದನೋ ಅವರ ನಡುವೆಯೇ ಮನೆ ಕಟ್ಟಿದ, ಅವರ ಮಾತು ಕಲಿತ, ಕೊಡು-ಕೊಳ್ಳು ಬೆಳೆಸಿದ. ನಮ್ಮ ಕಣ್ಣಿಗೆ ಕೋಟೆ ಗೆದ್ದದ್ದಕ್ಕಿಂತ ಅದು ದೊಡ್ಡ ಕೆಲಸ.

ವ್ಯಾನಿನಲ್ಲಿ ವಾಪಸ್ ಬರುವಾಗ ಗೈಡ್ ಮಾತು ಮತ್ತೆ ನೆನಪಾಯಿತು. ಮುಂದಿನ ಕೆಳದಿ ವರದಿಯಲ್ಲಿ ‘ಬೇಕಲದವರೆಗೆ ರಾಜ್ಯ ವಿಸ್ತರಿಸಿದ’ ಎಂದು ಬರೆಯದೇ ಇರಲು ಆಗುವುದಿಲ್ಲ, ಅದು ನಿಜವೇ. ಆದರೆ ಅದರ ಕೆಳಗೆ ಇನ್ನೆರಡು ವಾಕ್ಯ ಸೇರಿಸುತ್ತೇವೆ: ಆ ನೆಲ ಆಗ ಯಾರದಾಗಿತ್ತು, ಕಾಯಲು ಹೋದವರು ಈಗ ಎಲ್ಲಿದ್ದಾರೆ. ಡೆಸ್ಕಿನವರು ಜಾಗ ಇಲ್ಲವೆಂದು ಕತ್ತರಿಸಿದರೆ, ಇಲ್ಲಿ ಬರೆದದ್ದಾದರೂ ಉಳಿಯಲಿ.