ದೂರ ಸರಿದರೂ ಕಿರಿದಾಗದ ಕೋಟೆ

ಗಬ್ಬೂರಿನ ಓಣಿಗಳಲ್ಲಿ ಬೆಳಗಿನ ಹೊತ್ತು ನಡೆದು ಹೋದರೆ ಅಂಗಳಗಳಲ್ಲಿ ಎರಡು ಬಗೆಯ ಚುಕ್ಕೆ ರಂಗೋಲಿ ಕಾಣುತ್ತವೆ. ಒಂದರಲ್ಲಿ ಚುಕ್ಕೆಗಳು ಒಂದರ ಕೆಳಗೊಂದು ನೇರ ಸಾಲಿನಲ್ಲಿ ನಿಂತಿರುತ್ತವೆ. ಇನ್ನೊಂದರಲ್ಲಿ ಮೇಲಿನ ಎರಡು ಚುಕ್ಕೆಗಳ ಸಂದಿಗೆ ಸರಿಯಾಗಿ ಕೆಳಗಿನ ಸಾಲಿನ ಒಂದು ಚುಕ್ಕೆ ಬೀಳುತ್ತದೆ. ಈ ಎರಡನೆಯ ಬಗೆಯ ಚುಕ್ಕೆಗಳನ್ನು ಒಂದು ಕ್ರಮದಲ್ಲಿ ಕೂಡಿಸಿದರೆ ಸಗಣಿ ಸಾರಿಸಿದ ನೆಲದಿಂದ ಪೆಟ್ಟಿಗೆಗಳು ಎದ್ದು ನಿಂತಂತೆ ತೋರುತ್ತದೆ. ಮೇಲ್ಮೈ ಒಂದು, ಮಗ್ಗುಲು ಎರಡು. ಹಿಂದಿನ ಸಾಲಿನ ಪೆಟ್ಟಿಗೆಯೂ ಮುಂದಿನ ಸಾಲಿನದರಷ್ಟೇ ದೊಡ್ಡದು. ಡಿಪ್ಲೊಮಾ ಓದುವ ಹುಡುಗರು ಡ್ರಾಯಿಂಗ್ ತರಗತಿಗೆಂದು ಕೊಳ್ಳುವ ಐಸೊಮೆಟ್ರಿಕ್ ಹಾಳೆಯಲ್ಲಿರುವುದೂ ಇವೇ ಚುಕ್ಕೆಗಳು.

ಈ ಬಗೆಯ ರೇಖೆಗೆ ಶಾಸ್ತ್ರದ ಹೆಸರು ಕೊಟ್ಟವನು ಕೇಂಬ್ರಿಜ್‌ನ ಪ್ರಾಧ್ಯಾಪಕ ವಿಲಿಯಂ ಫ್ಯಾರಿಶ್. 1822ರಲ್ಲಿ ಅವನು ಬರೆದ ಪ್ರಬಂಧ ಯಂತ್ರಗಳ ಚಿತ್ರ ಬರೆಯುವವರಿಗೆ ಉಪಯೋಗವಾಯಿತು. ಉದ್ದ, ಅಗಲ, ಎತ್ತರ ಮೂರನ್ನೂ ಒಂದೇ ಅಳತೆಯಲ್ಲಿ ತೋರಿಸಬಹುದು. ಕಾರ್ಖಾನೆಯವನು ಚಿತ್ರದ ಮೇಲೆ ಅಡಿಪಟ್ಟಿ ಇಟ್ಟು ಅಳೆದುಕೊಳ್ಳಬಹುದು. ಯುರೋಪಿನ ಚಿತ್ರಕಾರರು ಹದಿನೈದನೆಯ ಶತಮಾನದಿಂದ ಅಭ್ಯಾಸ ಮಾಡಿಕೊಂಡಿದ್ದ ರೀತಿ ಬೇರೆ. ಅದರಲ್ಲಿ ರಸ್ತೆಯ ಎರಡು ಅಂಚುಗಳು ದೂರದಲ್ಲೊಂದು ಬಿಂದುವಿನಲ್ಲಿ ಕೂಡುತ್ತವೆ, ದೂರದ ಮನುಷ್ಯ ಇರುವೆಯಾಗುತ್ತಾನೆ.

ಫ್ಯಾರಿಶ್ ಹೆಸರು ಕೊಡುವ ಮುನ್ನವೇ ಹಾಗೆ ನೋಡುತ್ತಿದ್ದವರು ಜಗತ್ತಿನಲ್ಲಿ ಬಹಳ ಮಂದಿ ಇದ್ದರು. ಚೀನಾದ ಸುರುಳಿ ಚಿತ್ರಗಳಲ್ಲಿ ಅರಮನೆಯ ಗೋಡೆಗಳು ಎಂದೂ ಕೂಡದ ಸಮಾನಾಂತರ ಗೆರೆಗಳು. ಇರಾನಿನ ಕಿರುಚಿತ್ರಗಳಲ್ಲಿ, ಅವುಗಳ ನಂಟು ಹಿಡಿದು ಬೆಳೆದ ನಮ್ಮ ಬಿಜಾಪುರದ ಚಿತ್ರಗಳಲ್ಲಿ ಅಂಗಳಕ್ಕೆ ಹಾಸಿದ ಜಮಖಾನೆ ಮೇಲಿನಿಂದ ನೋಡಿದಂತೆ ಪೂರ್ತಿ ಕಾಣುತ್ತದೆ, ಅದರ ಮೇಲೆ ಕುಳಿತವರು ಪಕ್ಕದಿಂದ ಕಾಣುತ್ತಾರೆ. ಮೊದಲನೆಯ ಅಲಿ ಆದಿಲ್ ಶಾಹನ ಕಾಲದ, 1570ರ ‘ನುಜೂಮ್ ಉಲ್ ಉಲೂಮ್’ ಎಂಬ ಸಚಿತ್ರ ಹಸ್ತಪ್ರತಿ ಈಗ ಡಬ್ಲಿನ್ನಿನ ಗ್ರಂಥಾಲಯವೊಂದರಲ್ಲಿದೆ. ಆ ಹೊತ್ತಿಗೆ ನಮ್ಮ ಎಡೆದೊರೆ ನಾಡು, ಅಂದರೆ ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲ, ಬಿಜಾಪುರ ವಿಜಯನಗರಗಳ ನಡುವೆ ಕೈಯಿಂದ ಕೈಗೆ ಹೋಗಿ ಬಂದು ಸುಸ್ತಾಗಿತ್ತು.

ಈ ಸಾಲಿನಲ್ಲಿ ನಮಗೆ ಎಲ್ಲರಿಗಿಂತ ಪ್ರಿಯನಾದವನು ತುರ್ಕಿಯ ಮತ್ರಾಕ್ಚಿ ನಸೂಹ್. ಸುಲ್ತಾನ ಸುಲೇಮಾನನ ಇರಾಕ್ ದಂಡಯಾತ್ರೆಯ ಜೊತೆಗೆ ಹೋದವನು. 1537ರ ಹೊತ್ತಿಗೆ ಮುಗಿಸಿದ ಗ್ರಂಥದಲ್ಲಿ ದಾರಿಯ ಒಂದೊಂದು ಊರನ್ನೂ ಎತ್ತರದಿಂದ ನೋಡಿದಂತೆ ಬರೆದಿದ್ದಾನೆ. ಬಾಗ್ದಾದ್, ತಬ್ರೀಜ್, ಹಲಬ್. ಗುಮ್ಮಟ, ಬುರುಜು, ಸೇತುವೆ, ತೋಟ. ಆದರೆ ಮನುಷ್ಯರೇ ಇಲ್ಲ. ಊರೆಲ್ಲ ಯಾರೋ ಬಂದು ಆಡಲೆಂದು ಕಾದು ಕುಳಿತಂತಿದೆ. ಈತ ಚಿತ್ರಕಾರನಷ್ಟೇ ಅಲ್ಲ, ಗಣಿತದ ಪುಸ್ತಕ ಬರೆದವನು. ಮತ್ರಾಕ್ ಎಂಬ ದೊಣ್ಣೆವರಸೆಯ ಆಟವನ್ನು ಕಟ್ಟಿ ಅದರಿಂದಲೇ ಅಡ್ಡಹೆಸರು ಪಡೆದವನು. ಗಣಿತ, ಚಿತ್ರ, ಆಟ ಮೂರೂ ಒಬ್ಬನಲ್ಲೇ ಕೂಡಿದ್ದವು. ಹಾಗೆಂದು ಕಂಪ್ಯೂಟರ್ ಆಟವನ್ನು ನಮ್ಮವರೇ ಮೊದಲು ಕಂಡುಹಿಡಿದರು ಎಂದು ಎದೆ ತಟ್ಟಿಕೊಳ್ಳುವ ಚಟ ನಮಗಿಲ್ಲ. ಆ ಚಟ ಈಗ ಎಲ್ಲ ಧರ್ಮದವರಿಗೂ ಸಾಕಷ್ಟಿದೆ. ಒಂದೇ ನೋಟ ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ಅಗತ್ಯಗಳಿಗಾಗಿ ಹುಟ್ಟಿಬಂತು, ಅಷ್ಟೇ.

ಯಂತ್ರಕ್ಕಿದ್ದ ಅಗತ್ಯ ಬಡತನದ್ದು. 1980ರ ದಶಕದ ಮೊದಲಿನ ಯಂತ್ರಗಳಿಗೆ ದೂರದ ವಸ್ತುವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಕಿರಿದಾಗಿಸುವ ಶಕ್ತಿ ಇರಲಿಲ್ಲ. ದೂರವಾದರೂ ಕಿರಿದಾಗದ ಚಿತ್ರವಾದರೆ ಒಂದು ಸಲ ಬರೆದಿಟ್ಟು ಎಲ್ಲಿ ಬೇಕಾದರೂ ಅಂಟಿಸಬಹುದು. ಅಡ್ಡಕ್ಕೆ ಎರಡು ಚುಕ್ಕೆ, ಮೇಲಕ್ಕೆ ಒಂದು ಚುಕ್ಕೆ ಎಂದು ಹತ್ತಿಸುತ್ತಾ ಹೋದರೆ ಓರೆಗೆರೆ ಸಿಗುತ್ತದೆ. ಇದು ಫ್ಯಾರಿಶ್‌ನ ಕಟ್ಟುನಿಟ್ಟಿನ ಕೋನ ಅಲ್ಲ, ಹತ್ತಿರದ ಸಂಬಂಧಿ. ಆದರೂ ಹೆಸರು ಅದೇ ನಿಂತುಬಿಟ್ಟಿತು. 1982ರಲ್ಲಿ ಸೆಗಾದ ‘ಝಾಕ್ಸನ್’, ಗಾಟ್ಲೀಬ್ ಕಂಪೆನಿಯ ‘ಕ್ಯೂಬರ್ಟ್’ ಬಂದವು. 1983ರಲ್ಲಿ ಸ್ಯಾಂಡಿ ವೈಟ್ ‘ಆಂಟ್ ಅಟ್ಯಾಕ್’ ಮಾಡಿದ. ಅದರ ನಗರಕ್ಕೆ ಡಚ್ ಚಿತ್ರಕಾರ ಎಶರ್‌ನ ಹೆಸರನ್ನು ಬೆಸೆದು ಆಂಟೆಶರ್ ಎಂದು ಕರೆದ. ಎಶರ್‌ನ ಮಾತು ಮುಂದೆ ಬರುತ್ತದೆ.

1984ರ ನವೆಂಬರಿನಲ್ಲಿ ‘ನೈಟ್ ಲೋರ್’ ಬಂತು. ಇಂಗ್ಲೆಂಡಿನ ಆಶ್ಬಿ ಡಿ ಲಾ ಝೂಶ್ ಎಂಬ ಸಣ್ಣ ಪಟ್ಟಣದಲ್ಲಿ ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಎಂಬ ಅಣ್ಣತಮ್ಮಂದಿರು ‘ಅಲ್ಟಿಮೇಟ್ ಪ್ಲೇ ದ ಗೇಮ್’ ಎಂಬ ಹೆಸರಿನಲ್ಲಿ ಆಟ ಮಾಡಿ ಮಾರುತ್ತಿದ್ದರು. ಕ್ರಿಸ್ ಪ್ರೋಗ್ರಾಂ ಬರೆಯುತ್ತಿದ್ದ, ಟಿಮ್ ಚಿತ್ರ ಬರೆಯುತ್ತಿದ್ದ. ಅವರ ಯಂತ್ರ ಝಡ್‌ಎಕ್ಸ್ ಸ್ಪೆಕ್ಟ್ರಂ. ನೆನಪಿನ ಶಕ್ತಿ 48 ಕಿಲೋಬೈಟ್. ಇಂದು ಮೊಬೈಲಿನಲ್ಲಿ ಬರುವ ‘ಶುಭ ಮುಂಜಾನೆ’ ಹೂವಿನ ಚಿತ್ರಕ್ಕೂ ಅಷ್ಟು ಜಾಗ ಸಾಲುವುದಿಲ್ಲ.

ಕತೆ ಬರೆಯುವವರಾದ ನಮಗೆ ಇದರ ಕತೆಯೇ ಮೊದಲು ಹಿಡಿಸಿತು. ಸೇಬರ್‌ಮ್ಯಾನ್ ಎಂಬವನಿಗೆ ಶಾಪ ತಗುಲಿದೆ. ಹಗಲು ಮನುಷ್ಯ, ರಾತ್ರಿ ತೋಳ. ಪರದೆಯ ಕೆಳಗೊಂದು ಪುಟ್ಟ ಕಿಟಕಿಯಲ್ಲಿ ಸೂರ್ಯ ಸರಿದು ಚಂದ್ರ ಬರುತ್ತಾನೆ. ಚಂದ್ರ ಬಂದ ಗಳಿಗೆಗೆ ನಾವು ಆಡಿಸುತ್ತಿರುವವನು ನಿಂತಲ್ಲೇ ನಡುಗಿ ಮೈ ಬದಲಿಸುತ್ತಾನೆ. ಬಿಡುಗಡೆಗೆ ಮಾಂತ್ರಿಕನ ಕೋಟೆಯ 128 ಕೋಣೆಗಳಲ್ಲಿ ಅಲೆದು 14 ವಸ್ತುಗಳನ್ನು ತಂದು ಕೊಪ್ಪರಿಗೆಗೆ ಹಾಕಬೇಕು. ಗಡುವು ನಲವತ್ತು ದಿನ. ನಲವತ್ತು ಎಂದೊಡನೆ ನಮ್ಮ ಕಡೆಯವರಿಗೆ ಸೂಫಿಗಳ ಚಿಲ್ಲಾ ನೆನಪಾಗುತ್ತದೆ, ದರ್ಗಾದ ಮಗ್ಗುಲ ಕತ್ತಲೆ ಕೋಣೆ ನೆನಪಾಗುತ್ತದೆ. ಆಶ್ಬಿಯ ಅಣ್ಣತಮ್ಮಂದಿರಿಗೆ ಅದು ಗೊತ್ತಿದ್ದಿರಲಾರದು. ಆಟ ಹೇಗೆ ಆಡಬೇಕೆಂಬ ವಿವರಣೆಯೂ ಇರಲಿಲ್ಲ. ಕ್ಯಾಸೆಟ್ಟಿನ ಜೊತೆ ಒಂದು ಪದ್ಯ ಅಚ್ಚು ಹಾಕಿ ಕೊಟ್ಟಿದ್ದರು. ಉಳಿದದ್ದು ಆಡುವವನ ಪಾಡು.

ಅದರ ಕಸುಬುಗಾರಿಕೆ ಇದ್ದದ್ದು ಮರೆಮಾಚುವುದರಲ್ಲಿ. ಒಂದು ಕಲ್ಲಿನ ಹಿಂದೆ ಮನುಷ್ಯ ನಡೆದರೆ ಅವನ ಅರ್ಧ ಮೈ ಮರೆಯಾಗಬೇಕು, ಮುಂದೆ ಬಂದರೆ ಕಲ್ಲು ಮರೆಯಾಗಬೇಕು. ಇದಕ್ಕಾಗಿ ಪ್ರತಿ ಚಿತ್ರಕ್ಕೂ ಅದೇ ಆಕಾರದ ಒಂದು ಕತ್ತರಿಸಿದ ಅಚ್ಚು ಇಟ್ಟರು. ಮೊದಲು ಅಚ್ಚು ಒತ್ತಿ ಹಿಂದಿನ ಚಿತ್ರದಲ್ಲಿ ತೂತು ಮಾಡುವುದು, ಆಮೇಲೆ ಆ ತೂತಿನಲ್ಲಿ ಹೊಸ ಚಿತ್ರ ಕೂರಿಸುವುದು. ಮೊಹರಮ್ಮಿನ ತಾಜಿಯಾಕ್ಕೆ ಬಣ್ಣದ ಕಾಗದದ ಜಾಲರಿ ಕತ್ತರಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಿಂದಿನದು ಮೊದಲು, ಮುಂದಿನದು ಆಮೇಲೆ ಎಂಬ ಸಾಲು ತಪ್ಪಿದರೆ ಇಡೀ ಕೋಣೆ ಕಲಸಿಹೋಗುತ್ತಿತ್ತು. ಸ್ಪೆಕ್ಟ್ರಂ ಯಂತ್ರದ ಒಂದೊಂದು ಪುಟ್ಟ ಚೌಕದಲ್ಲಿ ಎರಡೇ ಬಣ್ಣ ಇರಲು ಸಾಧ್ಯ. ಅದಕ್ಕೆಂದೇ ಕೋಣೆಯೊಂದಕ್ಕೆ ಕಪ್ಪಿನ ಮೇಲೆ ಒಂದೇ ಬಣ್ಣ. ಕೋಣೆಯಲ್ಲಿ ಓಡಾಡುವವರು ಹೆಚ್ಚಾದರೆ ಆಟ ನಿಧಾನವಾಗುತ್ತಿತ್ತು. ಈಚೆಗೆ ಕಂಪ್ಯೂಟರಿನಲ್ಲಿ ಆಡಿ ನೋಡಿದಾಗ ಆ ನಿಧಾನವೇ ನಮಗೆ ಚೆನ್ನಾಗಿ ಕಂಡಿತು, ಉಸಿರು ಹಿಡಿದು ನಡೆದಂತೆ.

ಈ ಆಟ ಅದಕ್ಕೂ ಮುಂಚೆ ಬಿಡುಗಡೆಯಾದ ‘ಸೇಬರ್ ವುಲ್ಫ್’ಗಿಂತ ಮೊದಲೇ ಹೆಚ್ಚುಕಡಿಮೆ ತಯಾರಾಗಿತ್ತು ಎಂದು ಸ್ಟ್ಯಾಂಪರ್ ಸೋದರರೇ ಮುಂದೆ ಹೇಳಿದರು. ಇದನ್ನು ಕಂಡ ಮೇಲೆ ಅದನ್ನು ಯಾರೂ ಕೊಳ್ಳುವುದಿಲ್ಲವೆಂದು ಕಾಯ್ದಿಟ್ಟರಂತೆ. ಲೆಕ್ಕಾಚಾರ ಸರಿಯಾಗಿತ್ತು. ಮುಂದಿನ ಮೂರ್ನಾಲ್ಕು ವರ್ಷ ಬ್ರಿಟನ್ನಿನಲ್ಲಿ ಓರೆಕೋಣೆಗಳ ಆಟಗಳ ಸುಗ್ಗಿ. ಅವುಗಳಲ್ಲಿ ಜಾನ್ ರಿಟ್‌ಮನ್, ಬರ್ನಿ ಡ್ರಮಂಡ್ ಮಾಡಿದ 1987ರ ‘ಹೆಡ್ ಓವರ್ ಹೀಲ್ಸ್’ ಒಂದನ್ನು ಹೆಸರಿಸಿದರೆ ಸಾಕು: ಒಬ್ಬ ಎತ್ತರಕ್ಕೆ ನೆಗೆಯುತ್ತಾನೆ, ಇನ್ನೊಬ್ಬ ವೇಗವಾಗಿ ಓಡುತ್ತಾನೆ, ಬೇರೆ ಬೇರೆ ಕೋಣೆಗಳಲ್ಲಿರುವ ಅವರು ಕೂಡಿದಾಗಲೇ ಪೂರ್ತಿ.

ಟಿವಿಗೆ ಸಿಕ್ಕಿಸಿ ಆಡುವ ಯಂತ್ರಗಳಿಗೆ ಈ ಕೋಟೆ ಹೋದ ದಾರಿ ವಿಚಿತ್ರ. ಜಪಾನಿನ ಜಲೆಕೊ ಕಂಪೆನಿ 1986ರ ಡಿಸೆಂಬರಿನಲ್ಲಿ ನಿಂಟೆಂಡೊದ ಫ್ಯಾಮಿಕಾಂ ಡಿಸ್ಕ್ ಯಂತ್ರಕ್ಕೆ ‘ನೈಟ್ ಲೋರ್’ ತಂದಿತು. ಹೆಸರು ಅದೇ, ತೋಳಮನುಷ್ಯನೂ ಅವನೇ; ಆದರೆ ಒಳಗಿನ ಆಟ ಮೂಲವನ್ನು ಬಲ್ಲವರಿಗೆ ಗುರುತೇ ಹತ್ತದಷ್ಟು ಬೇರೆ. ಅನುವಾದ ಮಾಡುವವರಿಗೆ ಈ ಸಂಕಟ ಗೊತ್ತು: ಹೆಸರು ದಾಟುತ್ತದೆ, ಉಸಿರು ದಾಟುವುದಿಲ್ಲ. ಆ ಡಿಸ್ಕುಗಳದು ಇನ್ನೊಂದು ಸ್ವಾರಸ್ಯ. ಹಳೆಯ ಡಿಸ್ಕನ್ನು ಅಂಗಡಿಗೆ ಒಯ್ದು 500 ಯೆನ್ ಕೊಟ್ಟರೆ ಹಳೆಯ ಆಟ ಅಳಿಸಿ ಹೊಸದನ್ನು ಬರೆದುಕೊಡುವ ಯಂತ್ರ ಅಲ್ಲಿತ್ತು.

ನಮ್ಮ ದೇಶಕ್ಕೆ ಆ ಕಾಲದ ಯಂತ್ರಗಳು ಬರಲೇ ಇಲ್ಲ ಎನ್ನುವಂತಿಲ್ಲ. 1984-85ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಮೊದಲ ಸುತ್ತಿಗೆ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತು. 1985ರಲ್ಲಿ ‘ನೈಟ್ ಲೋರ್’ ಆ ಯಂತ್ರಕ್ಕೂ ಬಂದಿತ್ತು. 1986ರಿಂದ ಡೆಸಿಬೆಲ್ಸ್ ಎಂಬ ಕಂಪೆನಿ ಪರವಾನಗಿ ಪಡೆದು ಸ್ಪೆಕ್ಟ್ರಂ ಅನ್ನು ಭಾರತದಲ್ಲೇ ಮಾರಿತು. ಪೇಟೆಯ ಕೆಲವು ಮನೆಗಳಲ್ಲಿ ಟೇಪ್‌ರೆಕಾರ್ಡರಿಗೆ ಸಿಕ್ಕಿಸಿ, ಕೀರಲು ದನಿಯ ಕ್ಯಾಸೆಟ್ಟು ತಿರುಗಿ ಮುಗಿಯುವ ತನಕ ಕಾದು ಆಡಿದವರಿದ್ದಾರೆ. ನಾವು ಓದಿದ ಶಾಲೆಯಲ್ಲಿದ್ದದ್ದು ಕರಿಹಲಗೆ.

ನಮ್ಮ ಪಾಲಿಗೆ ಬಂದದ್ದು ಲಿಟಲ್ ಮಾಸ್ಟರ್, ತೊಂಬತ್ತರ ದಶಕದಲ್ಲಿ. ಫ್ಯಾಮಿಕಾಂ ಯಂತ್ರದ ನಕಲು. ಅದರಲ್ಲಿ ಡಿಸ್ಕ್ ಇಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗಿನ ಚಿಪ್ಪು. ಅದನ್ನೂ ನಾವು ಕ್ಯಾಸೆಟ್ ಎಂದೇ ಕರೆದೆವು, ಸುರುಳಿ ಇಲ್ಲದ ಕ್ಯಾಸೆಟ್. ರಾಯಚೂರಿನಲ್ಲಿ ಬಾಡಿಗೆಗೆ ಆಡಿಸುವ ಅಂಗಡಿಗಳಿದ್ದವು. ಗಬ್ಬೂರಿನಿಂದ ಸಂತೆಗೋ ಮದುವೆಗೋ ಹೋದ ಹುಡುಗರು ಹಿರಿಯರ ಕಣ್ಣು ತಪ್ಪಿಸಿ ಅಲ್ಲಿಗೆ ನುಗ್ಗುತ್ತಿದ್ದರು. ಮಾರಿಯೊ, ಕಾಂಟ್ರಾ, ಸರ್ಕಸ್, ರೋಡ್ ಫೈಟರ್. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಮಾರಿಯೊ ಯಾವಾಗಲೂ ಎಡದಿಂದ ಬಲಕ್ಕೆ ಓಡುತ್ತಿದ್ದ, ಕನ್ನಡ ಓದಿದ ಹಾಗೆ. ಬೆಳಗ್ಗೆ ಬಲದಿಂದ ಎಡಕ್ಕೆ ಉರ್ದು ಬರೆದು, ಮಧ್ಯಾಹ್ನ ಎಡದಿಂದ ಬಲಕ್ಕೆ ಕನ್ನಡ ಬರೆಯುತ್ತಿದ್ದ ನಮಗೆ ಎರಡೂ ದಿಕ್ಕಿನ ರೂಢಿ ಇತ್ತು. ಓರೆಕೋಣೆಯ ಆಟದಲ್ಲಿ ಮಾತ್ರ ಎರಡೂ ದಿಕ್ಕು ನಡೆಯುವುದಿಲ್ಲ, ಮೂಲೆಯಿಂದ ಮೂಲೆಗೆ ಹೋಗಬೇಕು. ಅಂಥ ಆಟ ನಮ್ಮ ಅಂಗಡಿಯ ಕ್ಯಾಸೆಟ್ಟುಗಳಲ್ಲಿ ನಾವು ಕಂಡದ್ದಿಲ್ಲ. ಆ ಕ್ಯಾಸೆಟ್ಟುಗಳಲ್ಲಿ ತುಂಬಿದ್ದು ಬಹುಮಟ್ಟಿಗೆ ಫ್ಯಾಮಿಕಾಂನ ಮೊದಲ ವರ್ಷಗಳ ಚಿಕ್ಕ ಆಟಗಳು.

ಅಷ್ಟರಲ್ಲಿ ಆಶ್ಬಿಯ ಸೋದರರು ಫ್ಯಾಮಿಕಾಂ ತರಿಸಿ, ಬಿಚ್ಚಿ, ಅದರ ಒಳಗುಟ್ಟು ತಾವೇ ಕಂಡುಕೊಂಡು ನಿಂಟೆಂಡೊದ ಮುಂದೆ ನಿಂತಿದ್ದರು. 1985ರಲ್ಲಿ ಸ್ಥಾಪಿಸಿದ ‘ರೇರ್’ ಅವರ ಹೊಸ ಕಂಪೆನಿ. ಅವರ ಓರೆನೋಟ ಸರಿಯಾಗಿ ಟಿವಿ ಯಂತ್ರಕ್ಕೆ ಇಳಿದದ್ದು 1990ರ ‘ಸ್ನೇಕ್ ರ‍್ಯಾಟಲ್ ಎನ್ ರೋಲ್’ ಆಟದಲ್ಲಿ. ಎರಡು ಹಾವುಗಳು ಉಂಡೆಗಳನ್ನು ನುಂಗುತ್ತಾ, ಬಾಲ ಬೆಳೆಸುತ್ತಾ, ತಕ್ಕಡಿಯ ಮೇಲೆ ನಿಂತು ತೂಕ ಸಾಕಾಯಿತೆಂದು ಗಂಟೆ ಬಾರಿಸಿದರೆ ಬಾಗಿಲು ತೆರೆಯುತ್ತದೆ; ಮೆಟ್ಟಿಲು ಮೆಟ್ಟಿಲಾಗಿ ಒಂದೇ ಬೆಟ್ಟ ಹತ್ತುವುದು. 1993ರಲ್ಲಿ ಅದು ಯುರೋಪಿನಲ್ಲಿ ಸೆಗಾದ ಮೆಗಾಡ್ರೈವ್ ಯಂತ್ರಕ್ಕೂ ಬಂತು. 2002ರಲ್ಲಿ ಮೈಕ್ರೋಸಾಫ್ಟ್ 37.5 ಕೋಟಿ ಡಾಲರಿಗೆ ರೇರ್ ಕಂಪೆನಿಯನ್ನು ಕೊಂಡಿತು. 2007ರಲ್ಲಿ ಸೋದರರು ಹೊರಬಿದ್ದರು. 2015ರಲ್ಲಿ ಎಕ್ಸ್‌ಬಾಕ್ಸ್ ಒನ್ ಯಂತ್ರಕ್ಕೆ ಬಂದ ‘ರೇರ್ ರಿಪ್ಲೇ’ ಎಂಬ 30 ಆಟಗಳ ಸಂಕಲನದಲ್ಲಿ ‘ನೈಟ್ ಲೋರ್’ ತನ್ನ ಮೂಲರೂಪದಲ್ಲೇ ಇದೆ. ಬಿದ್ದರೆ ಕಾಲವನ್ನು ಹಿಂದಕ್ಕೆ ಸುತ್ತಿಕೊಳ್ಳುವ ಸೌಲಭ್ಯವೂ ಇದೆ. ಶಾಪಗ್ರಸ್ತನಿಗೆ 1984ರಲ್ಲಿ ಇಲ್ಲದ ಕರುಣೆ ಅದು.

ಹೊಸ ತಲೆಮಾರಿಗೆ ಈ ನೋಟ ‘ಮಾನ್ಯುಮೆಂಟ್ ವ್ಯಾಲಿ’ಯಿಂದ ಬಂತು. 2014ರ ಮೊಬೈಲ್ ಆಟ. ಗುಮ್ಮಟಗಳ ನಡುವೆ ಒಬ್ಬ ಹುಡುಗಿ ನಡೆಯುತ್ತಾಳೆ. ಕಂಬವೊಂದನ್ನು ತಿರುಗಿಸಿದರೆ ದೂರದ ಕಟ್ಟೆ ಹತ್ತಿರದ ಕಟ್ಟೆಗೆ ಕೂಡಿಕೊಳ್ಳುತ್ತದೆ. ದೂರದ್ದು ಕಿರಿದಾಗದ ಲೋಕದಲ್ಲಿ ಮಾತ್ರ ಸಾಧ್ಯವಿರುವ ಮೋಸ. ಅಕ್ಕನ ಮಗ ಅದನ್ನು ತೋರಿಸಿ, “ಮಾಮೂ, ಇದ್ಯಾವ ಊರಿನ ದರ್ಗಾ?” ಎಂದು ಕೇಳಿದ್ದ. ಪ್ರಶ್ನೆ ಪೂರ್ತಿ ತಪ್ಪಲ್ಲ. ಆ ಆಟದ ಅಸಾಧ್ಯ ಕಟ್ಟಡಗಳ ಹಿಂದೆ ಎಶರ್ ಇದ್ದಾನೆ. 1922ರಲ್ಲಿ ಒಮ್ಮೆ, 1936ರಲ್ಲಿ ಇನ್ನೊಮ್ಮೆ ಎಶರ್ ಗ್ರನಾಡಾದ ಅಲ್‌ಹಂಬ್ರಾ ಅರಮನೆಗೆ ಹೋಗಿ, ಅಲ್ಲಿನ ಗೋಡೆಯ ಹೆಂಚುಗಳ ವಿನ್ಯಾಸವನ್ನು ನಕಲು ಮಾಡಿಕೊಂಡು ಬಂದಿದ್ದ.

ಆಶ್ಬಿಯ ಕ್ಯಾಸೆಟ್ಟುಗಳನ್ನು ಸಂಗ್ರಹಕಾರರು ಪೆಟ್ಟಿಗೆ, ಪದ್ಯ ಸಮೇತ ಕಾಪಾಡಿಕೊಂಡಿದ್ದಾರೆ. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಮಕ್ಕಳು ಏನಾಡಿದರು ಎಂಬುದಕ್ಕೆ ಯಾವ ದಾಖಲೆ ಇದೆ ಎಂದು ಹುಡುಕುತ್ತಾ ರಾಯಚೂರಿನ ತೀನ್ ಕಂದೀಲ್ ಬಳಿಯ ರಿಪೇರಿ ಅಂಗಡಿಯೊಂದಕ್ಕೆ ಹೋಗಿದ್ದೆವು. ಹಿರಿಯರು ಹಲಗೆಯ ಕೆಳಗಿಂದ ಹಳದಿ ಕ್ಯಾಸೆಟ್ ಒಂದನ್ನು ತೆಗೆದು ಒರೆಸಿದರು. ಚೀಟಿಯ ಮೇಲೆ ಒಂಬತ್ತರ ಅಂಕಿ ಏಳು ಸಲ. ಅಷ್ಟು ಆಟಗಳೆಂದು ಆಣೆ, ಒಳಗಿರುವುದು ಹತ್ತಿಪ್ಪತ್ತೇ, ಹೆಸರು ಬದಲಿಸಿ ಮತ್ತೆ ಮತ್ತೆ. ಸ್ಕ್ರೂ ಬಿಚ್ಚಿ ತೋರಿಸಿದರು. ಕಂಪೆನಿಯ ಹೆಸರಿಲ್ಲ, ವರ್ಷವಿಲ್ಲ, ಹಸಿರು ತುಂಡಿನ ನಡುವೆ ಗಟ್ಟಿಯಾದ ಕಪ್ಪು ಗೋಂದಿನ ಒಂದು ಹನಿ.

“ಚಿಪ್ಪು ಇದರ ಕೆಳಗ ಐತ್ರಿ ಸಾಹೇಬ್ರ,” ಎಂದರು. “ಏನೈತಿ ಅಂತ ತಗ್ಯಾಕ ಹೋದ್ರ ಒಡೀತದ.”