ವಿಮಾನ ಸಂಸ್ಥೆಗಳ ದಿವಾಳಿ ಮತ್ತು ಬೆಂಗಳೂರಿನ ಪ್ರಯಾಣಿಕರು

ಸಾಲ ತೀರಿಸಲಾಗದೆ ವಿಮಾನ ಸಂಸ್ಥೆಯೊಂದು ಹಾರಾಟ ನಿಲ್ಲಿಸಿದಾಗ ಪ್ರಯಾಣಿಕರ ಹಣಕ್ಕೆ, ಪ್ರಯಾಣಕ್ಕೆ ಮತ್ತು ಅವರು ಪಡೆಯುತ್ತಿದ್ದ ಸೇವೆಗೆ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ. ಬೆಂಗಳೂರಿನಲ್ಲಿ ಬೇರು ಬಿಟ್ಟಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ (2005–2012) ಮತ್ತು ಏರ್ ಪೆಗಾಸಸ್ (2015–2016) ಹಾಗೂ ಮುಂಬೈ ಮೂಲದ ಜೆಟ್ ಏರ್‌ವೇಸ್ (2019) ಮತ್ತು ಗೋ ಫಸ್ಟ್ (2023) ಇಲ್ಲಿನ ಮುಖ್ಯ ಪ್ರಕರಣಗಳು. ಇವುಗಳ ಬಗೆಗಿನ ಬರಹಗಳಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಕಾಣುತ್ತದೆ. ಹಾರಾಟ ನಿಂತದ್ದು, ಪರವಾನಗಿ ಅಮಾನತಾದದ್ದು, ದಿವಾಳಿ ಅರ್ಜಿ ದಾಖಲಾದದ್ದು, ಕಂಪನಿಯನ್ನು ಮುಚ್ಚಲು ನ್ಯಾಯಾಲಯ ಆದೇಶಿಸಿದ್ದು: ಈ ನಾಲ್ಕನ್ನೂ ಒಂದೇ ಘಟನೆಯೆಂಬಂತೆ ಬರೆಯಲಾಗುತ್ತದೆ. ಪ್ರಯಾಣಿಕನ ನಷ್ಟವೆಲ್ಲ ಮೊದಲನೆಯದರಲ್ಲೇ, ಎಷ್ಟೋ ಸಲ ಅದಕ್ಕೂ ಮುಂಚೆಯೇ, ಆಗಿಹೋಗಿರುತ್ತದೆ. ಕಾನೂನು ಬರುವುದು ತಿಂಗಳುಗಳ ಅಥವಾ ವರ್ಷಗಳ ನಂತರ.

1953ರ ವಿಮಾನಯಾನ ರಾಷ್ಟ್ರೀಕರಣದ ಕಾಯ್ದೆ 1994ರಲ್ಲಿ ರದ್ದಾಯಿತು. ಆ ದಶಕದಲ್ಲಿ ಹುಟ್ಟಿದ ಖಾಸಗಿ ಸಂಸ್ಥೆಗಳಾದ ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ತ್, ಎನ್‌ಇಪಿಸಿ ಯಾವುವೂ ಬಹುಕಾಲ ಬಾಳಲಿಲ್ಲ. ಆದರೆ ಆಗ ವಿಮಾನ ಹತ್ತುವವರೇ ಕಡಿಮೆಯಿದ್ದರು. ಪೀಣ್ಯದ ಯಂತ್ರೋಪಕರಣ ಘಟಕಗಳ ಮಾಲೀಕರಿಗೂ ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನ ಎಂಜಿನಿಯರುಗಳಿಗೂ ವಿಮಾನಯಾನ ವಾಡಿಕೆಯಾದದ್ದು ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ದರ ಇಳಿಸಿದ ಮೇಲೆ. 2008ರ ಮೇ 24ರಂದು ನಗರದ ವಿಮಾನ ಸಂಚಾರ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಿತು. ಮಾರತಹಳ್ಳಿ ದಾಟಿದರೆ ನಿಲ್ದಾಣ ಸೇರುತ್ತಿದ್ದ ವೈಟ್‌ಫೀಲ್ಡ್‌ನವರು ನಗರದ ಅಂಚು ಸುತ್ತಿ ಹೋಗಬೇಕಾಯಿತು. ಎಲೆಕ್ಟ್ರಾನಿಕ್ ಸಿಟಿಯವರಿಗೆ ದಾರಿ 50 ಕಿ.ಮೀ. ಮೀರಿತು. ಈ ದೂರ ದಿವಾಳಿಯ ಚರಿತ್ರೆಗೂ ಸಂಬಂಧಿಸಿದ್ದು. ವಾಯುವಜ್ರ ಬಸ್ಸಿನಲ್ಲಿ ಹೆಬ್ಬಾಳ ದಾಟಿದ ಮೇಲೆ ವಿಮಾನ ರದ್ದಾದ ಎಸ್ಸೆಮ್ಮೆಸ್ ಬಂದರೆ, ಟಿಕೆಟ್ಟಿನ ಜೊತೆಗೆ ಅರ್ಧ ದಿನದ ಕೆಲಸವೂ ಹೋಯಿತೆಂದೇ ಲೆಕ್ಕ.

ಕಿಂಗ್‌ಫಿಷರ್ 2005ರ ಮೇ 9ರಂದು ಹಾರಾಟ ಆರಂಭಿಸಿತು. ಪ್ರತಿ ಆಸನಕ್ಕೂ ಪರದೆ, ಬಿಸಿ ಊಟ, ಆದರದ ಸ್ವಾಗತ, ವಿಮಾನ ಸೇವೆಗಳ ಗುಣಮಟ್ಟ ಅಳೆಯುವ ಸ್ಕೈಟ್ರ್ಯಾಕ್ಸ್‌ನ ಐದು ನಕ್ಷತ್ರಗಳ ಮಾನ್ಯತೆ: ದೇಶದೊಳಗಿನ ಪ್ರಯಾಣದಲ್ಲಿ ಹೊಸ ಮಟ್ಟವನ್ನು ಅದು ತೋರಿಸಿಕೊಟ್ಟಿತೆಂಬುದರಲ್ಲಿ ಎರಡು ಮಾತಿಲ್ಲ. ಆಗಿನ ನಿಯಮದಂತೆ, ಐದು ವರ್ಷ ದೇಶದೊಳಗೆ ಹಾರಿದ ಸಂಸ್ಥೆಗೆ ಮಾತ್ರ ವಿದೇಶ ಹಾರಾಟದ ಅನುಮತಿ ಸಿಗುತ್ತಿತ್ತು. ಕಿಂಗ್‌ಫಿಷರ್ 2007ರಲ್ಲಿ ಏರ್ ಡೆಕ್ಕನ್‌ನ ಪಾಲು ಖರೀದಿಸಿ 2008ರಲ್ಲಿ ವಿಲೀನ ಮುಗಿಸಿತು. ಡೆಕ್ಕನ್ ಐದು ವರ್ಷ ತುಂಬಿಸಿದ ಬೆನ್ನಿಗೇ, 2008ರ ಸೆಪ್ಟೆಂಬರ್ 3ರಂದು, ಬೆಂಗಳೂರು–ಲಂಡನ್ ಹಾರಾಟ ಆರಂಭವಾಯಿತು. ಪತನಕ್ಕೆ ತೈಲ ಬೆಲೆಯನ್ನು ಹೊಣೆ ಮಾಡುವವರೂ ಇದ್ದಾರೆ, ಈ ವಿಲೀನವನ್ನು ಹೊಣೆ ಮಾಡುವವರೂ ಇದ್ದಾರೆ. ತೈಲ ಬೆಲೆಯ ಹೊರೆ ಎಲ್ಲ ಸಂಸ್ಥೆಗಳ ಮೇಲೂ ಇತ್ತು. ಕಿಂಗ್‌ಫಿಷರ್ ಐಷಾರಾಮಿ ಸೇವೆ ಮತ್ತು ಅಗ್ಗದ ಸೇವೆ ಎರಡನ್ನೂ ಒಂದೇ ಸಾಲದ ಮೇಲೆ ನಡೆಸಲು ಹೊರಟಿತ್ತು. ಆದ್ದರಿಂದ ಎರಡನೆಯ ವಾದವೇ ಹೆಚ್ಚು ಗಟ್ಟಿ.

ಸೇವೆ ಕುಸಿದ ಕ್ರಮವನ್ನು ದಾಖಲೆಗಳಲ್ಲಿ ಹಂತ ಹಂತವಾಗಿ ಗುರುತಿಸಬಹುದು. 2011ರ ಸೆಪ್ಟೆಂಬರ್‌ನಲ್ಲಿ, ಡೆಕ್ಕನ್‌ನಿಂದ ಬಂದಿದ್ದ ಅಗ್ಗದ ಸೇವೆ ‘ಕಿಂಗ್‌ಫಿಷರ್ ರೆಡ್’ ನಿಲ್ಲಿಸುವ ಘೋಷಣೆ ಹೊರಬಿತ್ತು. ನವೆಂಬರ್‌ನಲ್ಲಿ ಸಾಲು ಸಾಲಾಗಿ ವಿಮಾನಗಳು ರದ್ದಾದವು. ವಿಮಾನಗಳ ಆಸನ ವ್ಯವಸ್ಥೆ ಬದಲಿಸಲಾಗುತ್ತಿದೆ ಎಂಬುದು ಸಂಸ್ಥೆ ಕೊಟ್ಟ ಕಾರಣಗಳಲ್ಲೊಂದು. ತೈಲ ಕಂಪನಿಗಳು ಮಾತ್ರ ಆ ಹೊತ್ತಿಗೆ ನಗದು ಎಣಿಸಿದರಷ್ಟೇ ಇಂಧನ ಎನ್ನುತ್ತಿದ್ದವು. 2012ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ, ಅಂದರೆ ಐಯಾಟಾ, ಏಜೆಂಟರ ಮೂಲಕ ಟಿಕೆಟ್ ಮಾರುವ ತನ್ನ ವ್ಯವಸ್ಥೆಯಿಂದ ಕಿಂಗ್‌ಫಿಷರನ್ನು ಹೊರಗಿಟ್ಟಿತು. ಏಪ್ರಿಲ್‌ನಲ್ಲಿ ವಿದೇಶ ಹಾರಾಟ ನಿಂತಿತು. ತಿಂಗಳುಗಟ್ಟಲೆ ಸಂಬಳ ಕಾಣದ ಎಂಜಿನಿಯರುಗಳು ಮತ್ತು ಪೈಲಟ್‌ಗಳು ಕೆಲಸ ನಿಲ್ಲಿಸಿದರು. ಅಕ್ಟೋಬರ್ 1ರಂದು ಸಂಸ್ಥೆ ಲಾಕೌಟ್ ಘೋಷಿಸಿತು. 20ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಪರವಾನಗಿಯನ್ನು ಅಮಾನತು ಮಾಡಿತು.

ಇವುಗಳಲ್ಲಿ ಐಯಾಟಾದ ಕ್ರಮ ಹೆಚ್ಚಿನ ಬರಹಗಳಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ಪ್ರಯಾಣಿಕರ ಪಾಲಿಗೆ ದೊಡ್ಡ ತಿರುವು ಅದೇ. ಏಜೆಂಟರಲ್ಲಿ ಕೊಂಡ ಟಿಕೆಟ್ಟಿನ ಮರುಪಾವತಿ ಪ್ರಯಾಣಿಕನಿಗೆ ನೇರವಾಗಿ ಬರುವುದಿಲ್ಲ. ಸಂಸ್ಥೆಯಿಂದ ಏಜೆಂಟರ ಖಾತೆಗೆ, ಅಲ್ಲಿಂದ ಗಿರಾಕಿಯ ಕೈಗೆ ಬರಬೇಕು. ಆ ದಾರಿ ಮುಚ್ಚಿದರೆ ಗಿರಾಕಿ ಏಜೆಂಟರನ್ನು ಕೇಳುತ್ತಾನೆ, ಏಜೆಂಟರು ಸಂಸ್ಥೆಯತ್ತ ಕೈ ತೋರಿಸುತ್ತಾರೆ. ದೊಡ್ಡ ಐಟಿ ಕಂಪನಿಯ ಟ್ರಾವೆಲ್ ಡೆಸ್ಕ್ ಇಂಥ ನಷ್ಟವನ್ನು ಖರ್ಚಿನ ಬಾಬ್ತಿಗೆ ಹಾಕಿ ಉದ್ಯೋಗಿಗೆ ಬೇರೆ ಟಿಕೆಟ್ ಕೊಡಿಸಬಲ್ಲದು. ಪೀಣ್ಯದ ಸಣ್ಣ ಕಾರ್ಖಾನೆಯ ಮಾಲೀಕನಿಗೆ ಅದು ಸ್ವಂತ ಜೇಬಿನ ಹಣ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡವರಿಗೆ ಬ್ಯಾಂಕಿನ ಮೂಲಕ ತಕರಾರು ಎತ್ತುವ ದಾರಿಯಾದರೂ ಇತ್ತು, ನಗದು ಕೊಟ್ಟವರಿಗೆ ಅದೂ ಇರಲಿಲ್ಲ. ಖಾಯಂ ಪ್ರಯಾಣಿಕರು ವರ್ಷಗಳಿಂದ ಕೂಡಿಟ್ಟ ‘ಕಿಂಗ್ ಕ್ಲಬ್’ ಅಂಕಗಳು ಬೆಲೆ ಕಳೆದುಕೊಂಡವು.

ಕಂಪನಿಯನ್ನು ಮುಚ್ಚಲು ಕರ್ನಾಟಕ ಹೈಕೋರ್ಟ್ ಆದೇಶಿಸಿದ್ದು 2016ರ ನವೆಂಬರ್ 18ರಂದು, ಬ್ರಿಟನ್ನಿನ ಏರೋಟ್ರಾನ್ ಎಂಬ ಬಿಡಿಭಾಗ ಪೂರೈಕೆದಾರ ಸಂಸ್ಥೆಯ ಅರ್ಜಿಯ ಮೇಲೆ. ಅಷ್ಟರಲ್ಲಿ ಹಾರಾಟ ನಿಂತು ನಾಲ್ಕು ವರ್ಷ ದಾಟಿತ್ತು. ಆ ವರ್ಷದ ಮಾರ್ಚ್‌ನಲ್ಲೇ ಮುಖ್ಯಸ್ಥ ವಿಜಯ್ ಮಲ್ಯ ದೇಶ ಬಿಟ್ಟಿದ್ದರು. ಸಾಲದ ಮೊತ್ತದಲ್ಲಿಯೂ ಗೊಂದಲವಿದೆ. 9,000 ಕೋಟಿ ರೂಪಾಯಿ ಎಂಬುದು ಬಡ್ಡಿ ಸೇರಿಸಿ ಹೇಳುವ ಅಂಕಿ. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ, ಸ್ಟೇಟ್ ಬ್ಯಾಂಕ್ ನೇತೃತ್ವದ ಬ್ಯಾಂಕುಗಳ ಕೂಟಕ್ಕೆ 6,203 ಕೋಟಿಯನ್ನೂ ಅದರ ಮೇಲೆ ಶೇ 11.5 ಬಡ್ಡಿಯನ್ನೂ ವಸೂಲು ಮಾಡಿಕೊಳ್ಳಲು ಅನುಮತಿ ಕೊಟ್ಟಿತು. ಇವೆರಡೂ ಬ್ಯಾಂಕುಗಳ ಲೆಕ್ಕ. ಪ್ರಯಾಣಿಕರ ಬಾಕಿಯ ಮಾತು ಈ ಚರ್ಚೆಯಲ್ಲಿ ಎಲ್ಲಿಯೂ ಮುಂದೆ ಬರಲಿಲ್ಲ.

ಏರ್ ಪೆಗಾಸಸ್ ಬಗ್ಗೆ ಬರೆದದ್ದು ತೀರ ಕಡಿಮೆ. ಬೆಂಗಳೂರಿನ ಈ ಪ್ರಾದೇಶಿಕ ಸಂಸ್ಥೆ 2015ರ ಏಪ್ರಿಲ್ 12ರಂದು ಹುಬ್ಬಳ್ಳಿಗೆ ಎಟಿಆರ್ ವಿಮಾನ ಹಾರಿಸಿ ಸೇವೆ ಆರಂಭಿಸಿತು. ಬಾಡಿಗೆ ಬಾಕಿಯ ಮೇಲೆ ವಿಮಾನಗಳ ಮಾಲೀಕ ಕಂಪನಿಗಳೊಡನೆ ಜಗಳವಾಗಿ 2016ರ ಜುಲೈ ಅಂತ್ಯಕ್ಕೆ ನಿಂತಿತು. ಸಂಸ್ಥೆ ಚಿಕ್ಕದು, ಆದರೆ ಪಾಠ ದೊಡ್ಡದು. ದೆಹಲಿ, ಮುಂಬೈಗೆ ಹೋಗುವವರಿಗೆ ಒಂದು ಸಂಸ್ಥೆ ನಿಂತರೆ ಇನ್ನೊಂದು ಸಿಗುತ್ತದೆ, ದರ ಏರುತ್ತದೆ ಅಷ್ಟೆ. ಸಣ್ಣ ಊರಿನ ಮಾರ್ಗದಲ್ಲಿ ಸಂಸ್ಥೆಯ ಜೊತೆಗೆ ಸೇವೆಯೇ ಮಾಯವಾಗಬಹುದು. ಬೀದರ್‌ನಲ್ಲಿ ಹಾಗೇ ಆಯಿತು. 2020ರ ಫೆಬ್ರುವರಿಯಲ್ಲಿ ಹೈದರಾಬಾದಿನ ಟ್ರೂಜೆಟ್ ಬೆಂಗಳೂರಿನಿಂದ ಅಲ್ಲಿಗೆ ಸೇವೆ ಆರಂಭಿಸಿತು. ಎರಡೇ ವರ್ಷದಲ್ಲಿ ಆ ಸಂಸ್ಥೆ ತನ್ನ ಹಾರಾಟವನ್ನೇ ನಿಲ್ಲಿಸಿತು.

ದಿವಾಳಿಯಾದರೆ ಹಾರಾಟ ನಿಲ್ಲಲೇಬೇಕೆಂದೇನೂ ಇಲ್ಲ. ಅಮೆರಿಕದಲ್ಲಿ ಯುನೈಟೆಡ್ 2002ರಲ್ಲಿ, ಡೆಲ್ಟಾ 2005ರಲ್ಲಿ ದಿವಾಳಿ ರಕ್ಷಣೆ ಕೋರಿದವು. ಎರಡೂ ಹಾರುತ್ತಲೇ ಸಾಲ ಪುನರ್ರಚಿಸಿಕೊಂಡು ಹೊರಬಂದವು, ಟಿಕೆಟ್ಟುಗಳು ಚಾಲ್ತಿಯಲ್ಲೇ ಇದ್ದವು. ಭಾರತದ 2016ರ ದಿವಾಳಿ ಸಂಹಿತೆಯ ಆಶಯವೂ ಅದೇ, ಆದರೆ ಫಲ ಬೇರೆಯಾಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಪ್ರಕರಣವನ್ನು ಕಂಪನಿ ಕಾನೂನು ನ್ಯಾಯಮಂಡಳಿ ಕೈಗೆತ್ತಿಕೊಂಡದ್ದು ಜೂನ್ 20ರಂದು. ಪುನಶ್ಚೇತನ ಯೋಜನೆ ಒಪ್ಪಿಗೆ ಪಡೆದೂ ಜಾರಿಯಾಗದೆ, 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆಸ್ತಿ ಮಾರಿ ಮುಚ್ಚಲು ಆದೇಶಿಸಿತು.

ಗೋ ಫಸ್ಟ್ 2023ರ ಮೇ 2ರಂದು ತಾನೇ ಅರ್ಜಿ ಹಾಕಿ ಮರುದಿನದಿಂದ ವಿಮಾನಗಳನ್ನು ನಿಲ್ಲಿಸಿತು. ಪ್ರಾಟ್ ಅಂಡ್ ವಿಟ್ನಿ ಎಂಜಿನುಗಳ ಕೊರತೆಯನ್ನು ಅದು ಕಾರಣವಾಗಿ ಕೊಟ್ಟಿತು. ಸಂಹಿತೆಯ 14ನೇ ಕಲಮು ವಸೂಲಿ ಮತ್ತು ದಾವೆಗಳಿಗೆ ಹಾಕುವ ತಡೆಯಿಂದ ಬಾಡಿಗೆ ವಿಮಾನಗಳು ನೆಲದಲ್ಲೇ ಉಳಿದವು. ಮಾಲೀಕರಿಗೆ ಸಿಗಲೂ ಇಲ್ಲ, ಪ್ರಯಾಣಿಕರಿಗಾಗಿ ಹಾರಲೂ ಇಲ್ಲ. ಅದೇ ತಡೆ ಗ್ರಾಹಕ ಆಯೋಗಗಳಲ್ಲಿನ ದೂರುಗಳಿಗೂ ಅಡ್ಡವಾಯಿತು. ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿಮಾನಗಳನ್ನು ತಡೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದುಪಡಿಸಲು ಡಿಜಿಸಿಎಗೆ ಸೂಚಿಸಿತು. 2025ರಲ್ಲಿ ವಿಮಾನ ಮಾಲೀಕರ ಹಕ್ಕಿಗೆ ಪ್ರತ್ಯೇಕ ಕಾಯ್ದೆಯೇ ಬಂತು.

ಟಿಕೆಟ್ ಕೊಂಡವರಿಗೆ ಅಂಥ ಕಾಯ್ದೆ ಬಂದಿಲ್ಲ. ಸಂಹಿತೆಯ 53ನೇ ಕಲಮಿನ ಸರದಿಯಲ್ಲಿ ಅವರು ಬ್ಯಾಂಕುಗಳ ಮತ್ತು ಕಾರ್ಮಿಕರ ಹಿಂದೆ ನಿಲ್ಲುತ್ತಾರೆ. ವೈಟ್‌ಫೀಲ್ಡ್‌ನಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿಗೆ ಮುಂಗಡ ಕೊಟ್ಟವರ ಹಣದಲ್ಲಿ ಶೇ 70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಡಬೇಕೆಂದು 2016ರ ರೇರಾ ಕಾಯ್ದೆ ವಿಧಿಸುತ್ತದೆ. ಅದೇ ವರ್ಷ ಬಂದ ದಿವಾಳಿ ಸಂಹಿತೆಯಲ್ಲಾಗಲಿ ಡಿಜಿಸಿಎ ನಿಯಮಗಳಲ್ಲಾಗಲಿ, ಮುಂಗಡ ಟಿಕೆಟ್ ಹಣವನ್ನು ಪ್ರಯಾಣ ಮುಗಿಯುವವರೆಗೆ ಬೇರೆಯಾಗಿಡಬೇಕೆಂಬ ಷರತ್ತು ಇಲ್ಲ.