ಸಂತೆಯ ಸರಕು, ತಿರಸ್ಕಾರದ ಪದ: ಇಂಗ್ಲಿಷಿನ ಥಳುಕಿನ ನುಡಿಗಳ ಚರಿತ್ರೆ

ಆಡಂಬರವನ್ನು ಹಳಿಯಲು ಇಂಗ್ಲಿಷಿನಲ್ಲಿ ಪದಗಳಿಗೆ ಬರವಿಲ್ಲ. ಅವುಗಳಲ್ಲಿ ಟಾಡ್ರಿ, ಟಿನ್ಸೆಲ್, ಪಿಂಚ್‌ಬೆಕ್, ಬ್ರಮ್ಮಜೆಮ್ ಎಂಬ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಬೇಕು. ಮೊದಲನೆಯದು ಒಬ್ಬ ಸಂತಳ ಹೆಸರಿನಿಂದ ಬಂದದ್ದು, ಎರಡನೆಯದು ಬಟ್ಟೆಯ ಹೆಸರು, ಮೂರನೆಯದು ಗಡಿಯಾರ ಮಾಡುವವನದು, ನಾಲ್ಕನೆಯದು ಊರಿನದು. ಹುಟ್ಟುವಾಗ ಯಾವುದೂ ಬೈಗುಳವಾಗಿರಲಿಲ್ಲ. ಸಾಮಾನ್ಯ ಜನರ ಕೈಗೆ ಹೊಳಪು ಎಟುಕತೊಡಗಿದ ಕಾಲದಲ್ಲೇ ಇವು ಕೀಳಾದವು ಎಂಬುದು ಈ ಲೇಖನದ ವಾದ.

ಟಾಡ್ರಿಯ ಬೇರು ಏಳನೆಯ ಶತಮಾನಕ್ಕೆ ಹೋಗುತ್ತದೆ. ಪೂರ್ವ ಆಂಗ್ಲರ ದೊರೆ ಅನ್ನನ ಮಗಳು ಎಥೆಲ್‌ಥ್ರಿತ್ ನಾರ್ಥಂಬ್ರಿಯಾದ ರಾಣಿಯಾಗಿದ್ದವಳು. ಅರಮನೆ ತೊರೆದು 673ರಲ್ಲಿ ಏಲಿಯಲ್ಲಿ ಮಠ ಕಟ್ಟಿದಳು. 679ರಲ್ಲಿ ಕತ್ತಿನ ಗೆಡ್ಡೆಯಿಂದ ನರಳಿ ತೀರಿಕೊಂಡಳು. ಎಳೆತನದಲ್ಲಿ ಕೊರಳ ತುಂಬ ಹಾರ ಹಾಕಿಕೊಂಡು ಮೆರೆದದ್ದಕ್ಕೆ ಇದು ತಕ್ಕ ಪ್ರಾಯಶ್ಚಿತ್ತವೆಂದು ಆಕೆ ನಂಬಿದ್ದಳೆಂದು ಸನ್ಯಾಸಿ ಬೀಡ್ ತನ್ನ ಚರ್ಚ್ ಇತಿಹಾಸದಲ್ಲಿ ಬರೆದಿದ್ದಾನೆ. ಆ ಗ್ರಂಥ ಮುಗಿದದ್ದು 731ರಲ್ಲಿ.

ಜನರ ಬಾಯಲ್ಲಿ ಆಕೆ ಆಡ್ರಿಯಾದಳು. ಅಕ್ಟೋಬರ್ 17ರ ಅವಳ ಹಬ್ಬಕ್ಕೆ ಏಲಿಯಲ್ಲಿ ಜಾತ್ರೆ ಸೇರುತ್ತಿತ್ತು. ಅಲ್ಲಿ ಮಾರುತ್ತಿದ್ದ, ಕುತ್ತಿಗೆಗೆ ಕಟ್ಟಿಕೊಳ್ಳುವ ರೇಷ್ಮೆಯ ಪಟ್ಟಿಗೆ ಸೇಂಟ್ ಆಡ್ರಿ ಲೇಸ್ ಎಂದೇ ಹೆಸರು ಬಿತ್ತು. ಸೇಂಟ್ ಪದದ ಕೊನೆಯ ಟಕಾರ ಮುಂದಿನ ಹೆಸರಿಗೆ ಅಂಟಿಕೊಂಡು ಟಾಡ್ರಿ ಆಯಿತು. ಲಂಡನ್ನಿನ ಸೇಂಟ್ ಒಲೇವ್ ಬೀದಿ ಟೂಲಿ ಬೀದಿಯಾದದ್ದೂ ಹೀಗೆಯೇ. ಹದಿನಾರನೆಯ ಶತಮಾನದ ಇತಿಹಾಸಕಾರ ನಿಕೊಲಸ್ ಹಾರ್ಪ್ಸ್‌ಫೀಲ್ಡ್, ಇಂಗ್ಲೆಂಡಿನ ಹೆಂಗಸರು ತೊಡುವ ನವಿರಾದ ರೇಷ್ಮೆ ಪಟ್ಟಿ ಈ ಸಂತಳ ನೆನಪಿಗೇ ಇರಬೇಕೆಂದು ಊಹಿಸಿದ್ದಾನೆ. ಕತ್ತಿನ ನೋವನ್ನು ಒಡವೆಯ ಆಸೆಗೆ ಸಂದ ಶಿಕ್ಷೆಯೆಂದು ಹೊತ್ತವಳ ಹೆಸರಿನಲ್ಲೇ ಕತ್ತಿನ ಅಲಂಕಾರ ಮಾರಾಟವಾಯಿತು. ಇದನ್ನು ಅಣಕವೆಂದು ನೋಡಲು ನನಗೆ ಮನಸ್ಸಾಗುವುದಿಲ್ಲ. ಜಾತ್ರೆಗೆ ಹೋದವರು ದೇವರ ನೆನಪಿಗೆ ಏನಾದರೊಂದು ತರುವುದು ಎಲ್ಲ ಕಡೆಯೂ ಇರುವ ಭಕ್ತಿಯ ರೀತಿ.

ಶೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಮಾಪ್ಸಾ ಎಂಬ ಹಳ್ಳಿಯ ಹುಡುಗಿ, ಕೊಡಿಸುತ್ತೇನೆಂದು ಮಾತು ಕೊಟ್ಟವನನ್ನು ಟಾಡ್ರಿ ಲೇಸ್ ಎಲ್ಲಿ ಎಂದು ಕೇಳುತ್ತಾಳೆ. ಆ ನಾಟಕ ಸುಮಾರು 1611ರದು. ಆಗಿನ್ನೂ ಅದು ಹುಡುಗಿಯೊಬ್ಬಳು ಆಸೆಪಟ್ಟು ಕೇಳುವ ವಸ್ತು. 1670ರ ದಶಕದ ಹೊತ್ತಿಗೆ ಲೇಸ್ ಎಂಬ ಮಾತು ಮರೆಯಾಗಿ, ಕಣ್ಣುಕುಕ್ಕುವ ಅಗ್ಗದ ಸಿಂಗಾರ ಎಂಬ ಅರ್ಥ ನೆಲೆಯೂರಿತ್ತು. ಇದರ ಹಿಂದೆ ಮತಸುಧಾರಣೆಯ ಕೈಯೂ ಇದ್ದೀತು. ಏಲಿಯಲ್ಲಿದ್ದ ಈ ಸಂತಳ ಗದ್ದುಗೆಯನ್ನು 1541ರಲ್ಲೇ ಕೆಡವಿದ್ದರು. ಪ್ಯೂರಿಟನ್ನರಿಗೆ ಸಂತರ ಜಾತ್ರೆಯೂ ಬೇಡ, ಜಾತ್ರೆಯ ಸರಕೂ ಬೇಡ.

ಇನ್ನೊಂದು ಕಾರಣ ಕಾನೂನಿನಲ್ಲಿದೆ. ಟಿನ್ಸೆಲ್ ಎಂದರೆ ಈಗ ಕ್ರಿಸ್‌ಮಸ್ ಮರಕ್ಕೆ ಸುತ್ತುವ ಮಿನುಗು ದಾರ. ಕಿಡಿ ಎಂಬರ್ಥದ ಫ್ರೆಂಚ್ ಪದದಿಂದ ಬಂದ ಅದು ಹದಿನಾರನೆಯ ಶತಮಾನದಲ್ಲಿ ಚಿನ್ನ ಬೆಳ್ಳಿಯ ಎಳೆ ಹಾಕಿ ನೇಯ್ದ ಜರತಾರಿ ಬಟ್ಟೆಯ ಹೆಸರಾಗಿತ್ತು. ಒಂದನೆಯ ಎಲಿಜಬೆತ್ 1574ರಲ್ಲಿ ಹೊರಡಿಸಿದ ಉಡುಪಿನ ಆಜ್ಞೆಯ ಪ್ರಕಾರ ಟಿನ್ಸೆಲ್ ಸ್ಯಾಟಿನ್ ಉಡಲು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬ್ಯಾರನ್ ಅಥವಾ ಅದಕ್ಕಿಂತ ಮೇಲಿನ ಪದವಿ ಇರಬೇಕಿತ್ತು. ಇಂಥ ಕಾನೂನುಗಳು 1604ರಲ್ಲಿ ರದ್ದಾದವು. ಯಾರು ಏನು ಉಡಬೇಕೆಂದು ಕಾನೂನು ಹೇಳುವುದು ನಿಂತ ಮೇಲೆ ಆ ಕೆಲಸವನ್ನು ಮಾತು ವಹಿಸಿಕೊಂಡಿತು. ಅದೇ ಶತಮಾನದಲ್ಲಿ ಟಿನ್ಸೆಲ್ ಕಾಗೆಬಂಗಾರಕ್ಕೆ ಸಮನಾಯಿತು.

ದೊರೆಗಳ ಥಳುಕಿಗೆ ಈ ಗತಿ ಬರಲಿಲ್ಲ. 1520ರ ಜೂನ್‌ನಲ್ಲಿ ಎಂಟನೆಯ ಹೆನ್ರಿ ಫ್ರಾನ್ಸಿನ ದೊರೆಯನ್ನು ಕ್ಯಾಲೆ ಬಳಿ ಭೇಟಿಯಾದಾಗ ಗೀನ್ ಎಂಬಲ್ಲಿ ತಾತ್ಕಾಲಿಕ ಅರಮನೆಯನ್ನೇ ಎಬ್ಬಿಸಿದ. ತಳಕ್ಕೆ ಇಟ್ಟಿಗೆ, ಅದರ ಮೇಲೆ ಮರದ ಚೌಕಟ್ಟಿಗೆ ಎಳೆದು ಕಟ್ಟಿದ, ಕಲ್ಲಿನಂತೆ ಕಾಣಲು ಬಣ್ಣ ಬಳಿದ ಕ್ಯಾನ್‌ವಾಸ್. ಮುಂದಿನ ಕಾರಂಜಿಯಲ್ಲಿ ದ್ರಾಕ್ಷಾರಸ. ಕಲ್ಲೆಂದು ತೋರುವ ಈ ಬಟ್ಟೆಗೋಡೆ ನಕಲಿಯಲ್ಲದೆ ಮತ್ತೇನು? ಆದರೂ ಆ ಸಮಾವೇಶವನ್ನು ಚರಿತ್ರೆ ಇಂದಿಗೂ ಕರೆಯುವುದು ‘ಚಿನ್ನದ ಬಟ್ಟೆಯ ಬಯಲು’ ಎಂದು. ಅರಸರ ವೈಭವಕ್ಕೆ ಮ್ಯಾಗ್ನಿಫಿಸೆನ್ಸ್, ಸ್ಪ್ಲೆಂಡರ್ ಎಂಬ ಲ್ಯಾಟಿನ್ ಮೂಲದ ಗಂಭೀರ ಪದಗಳಿದ್ದವು. ಅವುಗಳ ಮರ್ಯಾದೆ ಕುಂದಲಿಲ್ಲ. ಹಳ್ಳಿ ಹುಡುಗಿಯ ರೇಷ್ಮೆ ಪಟ್ಟಿ ನಿಜವಾದ ರೇಷ್ಮೆಯದೇ ಆಗಿದ್ದರೂ ಅದರ ಹೆಸರು ಬೈಗುಳವಾದದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಪಿಂಚ್‌ಬೆಕ್ ವಿಷಯ ಹೆಚ್ಚಿಲ್ಲ. ಲಂಡನ್ನಿನ ಫ್ಲೀಟ್ ಬೀದಿಯ ಗಡಿಯಾರಗಾರ ಕ್ರಿಸ್ಟೊಫರ್ ಪಿಂಚ್‌ಬೆಕ್ ತಾಮ್ರಕ್ಕೆ ಸತು ಬೆರೆಸಿ ಚಿನ್ನದ ಬಣ್ಣದ ಲೋಹ ಮಾಡಿದ, 1732ರಲ್ಲಿ ತೀರಿಕೊಂಡ. ಮುಂದೆ ಅವನ ಹೆಸರೇ ಖೋಟಾ ಎಂಬುದಕ್ಕೆ ಪರ್ಯಾಯವಾಯಿತು.

ಬ್ರಮ್ಮಜೆಮ್ ಎಂಬುದು ಬರ್ಮಿಂಗ್‌ಹ್ಯಾಮಿನ ಆಡುಮಾತಿನ ಹೆಸರು. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಖೋಟಾ ನಾಣ್ಯ ಮಾಡುತ್ತಾರೆಂಬ ಅಪಖ್ಯಾತಿ ಹಬ್ಬಿತು. ಮುಂದಿನ ಶತಮಾನದಲ್ಲಿ ಅಲ್ಲಿನ ಗುಂಡಿ, ಬಕಲ್, ಗಿಲೀಟು ಸಾಮಾನು ಎಲ್ಲರ ಮನೆ ಸೇರಿದಂತೆ ಆ ಹೆಸರೂ ಅಗ್ಗದ ಥಳುಕಿಗೆ ನಿಂತಿತು. ಅದೇ ಊರಿನ ಮ್ಯಾಥ್ಯೂ ಬೋಲ್ಟನ್ ತನ್ನ ಸೋಹೊ ಟಂಕಸಾಲೆಯಲ್ಲಿ ಉಗಿಯಂತ್ರದಿಂದ 1797ರಲ್ಲಿ ಸರ್ಕಾರಕ್ಕೆ ತಾಮ್ರದ ಪೆನ್ನಿ ಅಚ್ಚು ಹಾಕಿದ. ಒಂದೊಂದೂ ಒಂದು ಔನ್ಸ್ ತೂಕ, ಸುತ್ತ ದಪ್ಪ ಅಂಚು, ಅಂಚಿನಲ್ಲಿ ಒಳಕ್ಕೆ ಇಳಿದ ಅಕ್ಷರ. ನಕಲು ಮಾಡುವವನಿಗೆ ತಾಮ್ರದ ಖರ್ಚೂ ಗಿಟ್ಟಬಾರದು ಎಂಬುದು ಉದ್ದೇಶ. 1803ರಲ್ಲಿ ಮದ್ರಾಸ್ ಪ್ರಾಂತ್ಯಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯ ಹತ್ತು ಕಾಸು, ಇಪ್ಪತ್ತು ಕಾಸಿನ ನಾಣ್ಯಗಳೂ ಅಲ್ಲೇ ಅಚ್ಚಾದವು. ಬಳ್ಳಾರಿ, ಮಂಗಳೂರು ಆಗ ಅದೇ ಪ್ರಾಂತ್ಯದಲ್ಲಿದ್ದವು. ಖೋಟಾ ನಾಣ್ಯದ ಅಪವಾದ ಹೊತ್ತ ಊರು ಖೋಟಾ ತಡೆಯುವ ನಾಣ್ಯ ಕೊಟ್ಟರೂ ಪದದ ಅರ್ಥ ಕದಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲೂ ಬ್ರಮ್ಮಜೆಮ್ ಎಂದರೆ ನಕಲಿಯೇ. ಆ ಊರಿನವರು ಮಾತ್ರ ಅದನ್ನೇ ಮೊಟಕುಗೊಳಿಸಿ ತಮ್ಮನ್ನು ಬ್ರಮ್ಮಿಗಳೆಂದು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.